ಗೋದಾವರಿಯ ಉತ್ತರ ತೀರದಲ್ಲಿ ಎರಡು ದಿನ

ಮಹಾನಗರದಲ್ಲಿ ನೆಲೆಸಿದ ಕನ್ನಡಿಗನ ಪಾಲಿಗೆ ಪ್ರವಾಸವೆಂಬುದು ಬಹುಮಟ್ಟಿಗೆ ಎರಡೇ ಬಗೆಯದು. ಒಂದು, ಮದುವೆ, ಮುಂಜಿ, ಜಾತ್ರೆಗಳ ನಿಮಿತ್ತ ಊರಿಗೆ ಹೋಗಿಬರುವುದು. ಮತ್ತೊಂದು, ಮನೆಮಂದಿಯ ಗಂಟುಮೂಟೆಗಳೊಡನೆ ಕಾಶಿಗೋ ಕಾಶ್ಮೀರಕ್ಕೋ ಹೊರಡುವುದು. ಮೊದಲನೆಯದರಲ್ಲಿ ಕರ್ತವ್ಯ ಹೆಚ್ಚು, ಎರಡನೆಯದರಲ್ಲಿ ದಣಿವು ಹೆಚ್ಚು. ಇತ್ತೀಚೆಗೆ ಮೂರನೆಯ ಬಗೆಯೊಂದು ಬಳಕೆಗೆ ಬಂದಿದೆ. ವಿದೇಶಗಳಲ್ಲಿ ಉದ್ಯೋಗದಲ್ಲಿರುವ ತರುಣರು ಆಪ್ತ ಮಿತ್ರರೊಬ್ಬರನ್ನು ಜೊತೆಮಾಡಿಕೊಂಡು, ವಾರದ ರಜೆಗೆ ಇನ್ನೊಂದು ದಿನವನ್ನು ಸೇರಿಸಿ, ಸ್ಪೇನಿನ ಮ್ಯಾಡ್ರಿಡ್ಡಿಗೋ ಬಾರ್ಸಿಲೋನಾಕ್ಕೋ ಹೋಗಿ, ಒಂದೇ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರುತ್ತಾರೆ. ಕಂಡದ್ದು ಸ್ವಲ್ಪವೇ ಆದರೂ ಅದನ್ನು ನಿಂತು ನೋಡುತ್ತಾರೆ; ನೋಡಿದ್ದನ್ನು ಇಬ್ಬರೂ ಮಾತನಾಡುತ್ತಾರೆ.

ಈ ಸುಖಕ್ಕೆ ಸಮುದ್ರವನ್ನು ದಾಟಲೇಬೇಕೆಂಬ ನಿಯಮವಿಲ್ಲ. ಮ್ಯಾಡ್ರಿಡ್ ಎಂಬ ಊರು ಹುಟ್ಟುವುದಕ್ಕೆ ಹಲವು ಶತಮಾನಗಳ ಮೊದಲೇ ರಾಜಧಾನಿಯಾಗಿ ಮೆರೆದ ಪಟ್ಟಣವೊಂದು ಮುಂಬಯಿಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿದೆ. ಅದೇ ಪೈಠಣ, ಪ್ರಾಚೀನರ ಪ್ರತಿಷ್ಠಾನ.

ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ಮೂವತ್ತು ವರ್ಷ ನೆರೆಹೊರೆಯವರಾಗಿದ್ದ ಇಬ್ಬರು ಗೃಹಸ್ಥರು ಇತ್ತೀಚೆಗೆ ಈ ಪ್ರವಾಸವನ್ನು ಕೈಗೊಂಡರು. ಒಬ್ಬರು ಧಾರವಾಡದವರು, ಇನ್ನೊಬ್ಬರು ನಾಸಿಕ ಜಿಲ್ಲೆಯ ಒಕ್ಕಲುತನದ ಮನೆಯಿಂದ ಬಂದ ಮರಾಠಿಗರು. ಪೈಠಣವನ್ನು ನೋಡಬೇಕೆಂಬ ಮಾತು ಪ್ರತಿ ಚಳಿಗಾಲದಲ್ಲಿಯೂ ಬರುತ್ತಿತ್ತು. ‘ಮುಂದಿನ ವರ್ಷ ನೋಡೋಣ’ ಎಂಬಲ್ಲಿಗೆ ಮುಗಿಯುತ್ತಿತ್ತು. ಈ ಸಲ ಹಾಗೆನ್ನುವಂತಿರಲಿಲ್ಲ. ನಿವೃತ್ತರಾದ ಧಾರವಾಡದವರು ಮುಂಬಯಿಯ ಮನೆಯನ್ನು ಮಾರಿ ಊರಿಗೆ ಮರಳುವುದು ನಿಶ್ಚಯವಾಗಿತ್ತು, ಕಾಗದಪತ್ರಗಳು ಸಿದ್ಧವಾಗಿದ್ದವು. ಮುಂದೂಡಲು ಇನ್ನು ವರ್ಷಗಳು ಉಳಿದಿರಲಿಲ್ಲ.

ಸಂಕಲ್ಪದಲ್ಲಿ ಅಡಗಿದ ಊರು

ಮುಂಬಯಿಯಿಂದ ರಾತ್ರಿಯ ರೈಲನ್ನು ಹಿಡಿದರೆ ಬೆಳಗಿನ ಜಾವಕ್ಕೆ ಛತ್ರಪತಿ ಸಂಭಾಜಿನಗರವನ್ನು ತಲುಪಬಹುದು. 2023ರವರೆಗೆ ಔರಂಗಾಬಾದ್ ಎಂದು ಕರೆಯಲ್ಪಡುತ್ತಿದ್ದ ನಗರವೇ ಇದು. ಅಲ್ಲಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಗೋದಾವರಿಯ ದಡದ ಮೇಲೆ ಪೈಠಣವಿದೆ. ಹಳೆಯ ಊರಿನ ಬೀದಿಗಳು ಇಕ್ಕಟ್ಟು; ನಡೆದೇ ನೋಡಬೇಕು. ಘಟ್ಟದ ಮೆಟ್ಟಿಲುಗಳನ್ನು ಇಳಿದರೆ ನದಿ.

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಪೂಜೆಗೆ ಕುಳಿತವರು ಸಂಕಲ್ಪದಲ್ಲಿ ‘ಗೋದಾವರ್ಯಾಃ ದಕ್ಷಿಣೇ ತೀರೇ, ಶಾಲಿವಾಹನ ಶಕೇ’ ಎಂದು ಹೇಳುವುದುಂಟು. ನದಿ ಯಾವುದೆಂದು ಕಾಣದೆ, ಅರಸ ಯಾರೆಂದು ಕೇಳದೆ, ಬಾಯಿಪಾಠದ ಬಲದಿಂದ ಹೇಳಿ ಮುಗಿಸುವವರೇ ಬಹಳ. ಧಾರವಾಡದವರೂ ಘಟ್ಟದಲ್ಲಿ ಸ್ನಾನವನ್ನು ಮುಗಿಸಿ ಅದೇ ರೂಢಿಯಂತೆ ‘ದಕ್ಷಿಣೇ ತೀರೇ’ ಎಂದರು. ಪಕ್ಕದಲ್ಲಿದ್ದ ಪುರೋಹಿತರು ನಗುತ್ತ ‘ಉತ್ತರೇ ತೀರೇ’ ಎಂದು ತಿದ್ದಿದರು. ಪೈಠಣವಿರುವುದು ನದಿಯ ಉತ್ತರ ದಂಡೆಯ ಮೇಲೆ. ಅರುವತ್ತು ವರ್ಷ ಹೇಳಿಕೊಂಡು ಬಂದ ಮಾತು ಒಂದು ವಿಳಾಸವೆಂಬುದು ಅವರಿಗೆ ಹೊಳೆದದ್ದು ಆ ವಿಳಾಸದಿಂದ ಆಚೆಯ ದಡಕ್ಕೆ ಬಂದು ನಿಂತಾಗ.

ಅದೇ ಸಂಕಲ್ಪದ ಶಾಲಿವಾಹನನೂ ಈ ಊರಿನವನೇ ಎಂಬುದು ಜನರ ನಂಬಿಕೆ. ಪೈಠಣವು ಶಾತವಾಹನ ಅರಸರ ರಾಜಧಾನಿಯಾಗಿತ್ತು. ಕ್ರಿ.ಶ. 78ರಲ್ಲಿ ಆರಂಭವಾಗುವ ಶಕೆಯನ್ನು ಮೊದಲು ಬಳಕೆಗೆ ತಂದವರು ಶಕರೋ ಕುಷಾಣರೋ ಇರಬೇಕೆಂದೂ, ಶಾಲಿವಾಹನನ ಹೆಸರು ಅದಕ್ಕೆ ಎಷ್ಟೋ ಶತಮಾನಗಳ ನಂತರ ಅಂಟಿಕೊಂಡಿತೆಂದೂ ಇತಿಹಾಸಕಾರರು ಹೇಳುತ್ತಾರೆ. ಅದೇನೇ ಇದ್ದರೂ ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡುವ ಕನ್ನಡಿಗನೂ ಗುಡಿಯನ್ನು ಏರಿಸುವ ಮರಾಠಿಗನೂ ಎಣಿಸುವುದು ಒಂದೇ ಲೆಕ್ಕವನ್ನು. ಭಾರತ ಸರ್ಕಾರವು 1957ರಲ್ಲಿ ರಾಷ್ಟ್ರೀಯ ಪಂಚಾಂಗಕ್ಕೆ ಆರಿಸಿಕೊಂಡದ್ದೂ ಈ ಶಕೆಯನ್ನೇ.

ಒಂದನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿಯಾದ ‘ಪೆರಿಪ್ಲಸ್’ ಗ್ರಂಥದಲ್ಲಿ, ಭರೂಚ್ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ಹಾದಿಯಲ್ಲಿ ಪೈಠಣವಿದೆಯೆಂದೂ ಅಲ್ಲಿಂದ ಓನಿಕ್ಸ್ ಎಂಬ ಪಟ್ಟೆಗಲ್ಲು ಬಂಡಿಗಳಲ್ಲಿ ಬಂದರಿಗೆ ಬರುತ್ತಿತ್ತೆಂದೂ ಹೇಳಿದೆ. ಶಾತವಾಹನರ ಕುರುಹುಗಳು ಕರ್ನಾಟಕದಲ್ಲಿಯೂ ಹೇರಳ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪವು ಅವರ ಕಾಲದ ಶಿಲ್ಪಗಳಿಂದ ತುಂಬಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಶಾಸನವು ಅಲ್ಲಿಯ ಶಿವಾಲಯದಲ್ಲಿ ಸಾತಕರ್ಣಿ ಮೊದಲಾದ ಅರಸರು ಪೂಜೆ ಸಲ್ಲಿಸಿದ್ದರೆಂದು ಸ್ಮರಿಸುತ್ತದೆ.

ಅವರ ತರುವಾಯದ ಕಥೆಯು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅರಸ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆಂದು ಗುರುತಿಸಿದೆ. ನೃಪತುಂಗನ ತಂದೆ ಮೂರನೆಯ ಗೋವಿಂದನ 794ರ ತಾಮ್ರಶಾಸನವು ದೊರೆತದ್ದು ಈ ಪೈಠಣದಲ್ಲಿಯೇ. ಇದನ್ನು ಹೇಳಿಕೊಂಡು ಇಂದು ಯಾರೂ ಯಾರ ಗಡಿಯನ್ನೂ ಸರಿಸಬೇಕಾಗಿಲ್ಲ. ಒಂದು ಕಾಲದಲ್ಲಿ ಈ ನದಿಯ ದಡದಲ್ಲಿ ಕನ್ನಡವೂ ಕೇಳಿಬರುತ್ತಿತ್ತೆಂದು ತಿಳಿದರೆ, ವಲಸೆ ಬಂದವನ ಮನಸ್ಸಿನ ಪರಕೀಯತೆ ಸ್ವಲ್ಪ ಸಡಿಲವಾಗುತ್ತದೆ, ಅಷ್ಟೇ.

ನೀರಿನ ಎರಡು ದಡಗಳು

ಊರಿನ ಸಮೀಪದಲ್ಲಿಯೇ ಜಾಯಕವಾಡಿ ಅಣೆಕಟ್ಟು. 1965ರಲ್ಲಿ ಪ್ರಧಾನಿ ಲಾಲ್‌ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. 1976ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಸುಮಾರು 10 ಕಿ.ಮೀ. ಉದ್ದದ ಈ ಕಟ್ಟೆಗೆ 27 ಬಾಗಿಲುಗಳಿವೆ. ಹಿಂದಿನ ಜಲರಾಶಿಗೆ ನಾಥಸಾಗರವೆಂದು ಹೆಸರು; ಕನ್ನಂಬಾಡಿ ಕಟ್ಟೆಯ ಸುಮಾರು ಎರಡರಷ್ಟು ನೀರನ್ನು ಹಿಡಿಯಬಲ್ಲುದು. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಲ್ಲಿಗೆ ಬರುತ್ತವೆ. ಕಟ್ಟೆಯ ಕೆಳಗಿನ ಸಂತ ಜ್ಞಾನೇಶ್ವರ ಉದ್ಯಾನವನ್ನು ಮೈಸೂರಿನ ಬೃಂದಾವನದ ಮಾದರಿಯಲ್ಲಿ ನಿರ್ಮಿಸಲಾಯಿತು. ಅದರ ಮೊದಲಿನ ವೈಭವ ಉಳಿದುಬಂದಿಲ್ಲವಾದ್ದರಿಂದ ಹೋಗುವವರು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗುವುದು ಮೇಲು.

ಇಷ್ಟು ನೀರಿನ ಅಡಿಯಲ್ಲಿ ಹಳ್ಳಿಗಳಿವೆ. ಹೊಲ, ಮನೆ, ದೇವಸ್ಥಾನಗಳನ್ನು ಬಿಟ್ಟು ಎದ್ದುಹೋದವರಿದ್ದಾರೆ. ಆ ನೀರಿಗಾಗಿ ಜಗಳವೂ ಇದೆ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಗೆ ನಾಸಿಕ ಮತ್ತು ಅಹಿಲ್ಯಾನಗರ ಜಿಲ್ಲೆಗಳಲ್ಲಿ ಮೇಲ್ಗಡೆಯ ಅಣೆಕಟ್ಟುಗಳಿವೆ. ಮಳೆ ಕೈಕೊಟ್ಟ ವರ್ಷ ಅಲ್ಲಿಂದ ಜಾಯಕವಾಡಿಗೆ ನೀರು ಬಿಡಬೇಕೇ ಬೇಡವೇ ಎಂಬುದು ದೊಡ್ಡ ವಾದ. ನದೀಕೊಳ್ಳದ ನೀರು ಎಲ್ಲರಿಗೂ ನ್ಯಾಯವಾಗಿ ಹಂಚಿಕೆಯಾಗಬೇಕೆಂದು ಮಹಾರಾಷ್ಟ್ರದ 2005ರ ಜಲಸಂಪತ್ತು ಕಾಯಿದೆ ಹೇಳುತ್ತದೆ. ಆದರೂ ವಿಷಯವು ನ್ಯಾಯಾಲಯದ ಮೆಟ್ಟಿಲನ್ನೇರಿದೆ.

ಮರಾಠಿ ಮಿತ್ರರ ಅಣ್ಣತಮ್ಮಂದಿರ ಹೊಲಗಳಿರುವುದು ಮೇಲ್ಗಡೆಯಲ್ಲಿ. ಕೆಳಗೆ ಬಿಟ್ಟ ನೀರನ್ನು ಅವರು ಇದುವರೆಗೆ ಕಳೆದುಕೊಂಡ ನೀರೆಂದೇ ಲೆಕ್ಕಹಾಕುತ್ತಿದ್ದರು. ಕಟ್ಟೆಯ ಬಳಿ ನಿಂತು, ಛತ್ರಪತಿ ಸಂಭಾಜಿನಗರದ ಕುಡಿಯುವ ನೀರು ಹೋಗುವುದು ಇಲ್ಲಿಂದಲೇ ಎಂದು ಕೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕಾವೇರಿಯ ವ್ಯಾಜ್ಯದ ನಡುವೆ ಬೆಳೆದ ಕನ್ನಡಿಗ ಮಿತ್ರರೂ ಉಪದೇಶಕ್ಕೆ ಹೋಗಲಿಲ್ಲ. ನೀರಿನ ವಿಷಯದಲ್ಲಿ ಮೇಲಿನವನೂ ಕೆಳಗಿನವನೂ ತಮ್ಮ ತಮ್ಮ ದಡದಿಂದ ನೋಡಿದಷ್ಟು ಕಾಲ ಇಬ್ಬರೂ ಪ್ರಾಮಾಣಿಕರೇ. ದಡವನ್ನು ಬದಲಿಸಿ ನಿಂತಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಕೈಮಗ್ಗದ ಸಾವಧಾನ

ಎರಡನೆಯ ದಿನದ ಬೆಳಗನ್ನು ಪೈಠಣಿಗೆ ಮೀಸಲಿಡಬೇಕು. ಈ ರೇಷ್ಮೆ ಸೀರೆಗೆ ಹೆಸರನ್ನು ಕೊಟ್ಟದ್ದು ಪೈಠಣ. ಇಂದು ಹೆಚ್ಚು ನೇಯ್ಗೆ ನಡೆಯುವುದು ನಾಸಿಕ ಜಿಲ್ಲೆಯ ಯೇವಲೆಯಲ್ಲಿ. ಸೆರಗಿನ ನವಿಲು, ಗಿಳಿ, ಕಮಲಗಳನ್ನು ನೇಕಾರನು ಬಣ್ಣಬಣ್ಣದ ಎಳೆಗಳನ್ನು ಕೈಯಿಂದಲೇ ಒಂದಕ್ಕೊಂದು ಕೊಂಡಿಹಾಕಿ ಮೂಡಿಸುತ್ತಾನೆ. ಆದ್ದರಿಂದ ಅಪ್ಪಟ ಪೈಠಣಿಯ ಸೆರಗು ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣುತ್ತದೆ. ಹಿಂಬದಿಯಲ್ಲಿ ಬಿಡಿ ಎಳೆಗಳು ತೂಗುತ್ತಿದ್ದರೆ ಅದು ಯಂತ್ರದ ಕೆಲಸವೆಂದು ಸಂಶಯಪಡಬಹುದು. ಚಿತ್ರಗಳು ದಟ್ಟವಾದಷ್ಟೂ ದಿನಗಳು ಹೆಚ್ಚು. ಒಂದು ಸೀರೆಗೆ ಕೆಲವು ವಾರಗಳಿಂದ ಹಲವು ತಿಂಗಳುಗಳವರೆಗೆ ಬೇಕಾಗುತ್ತದೆ. ಪೈಠಣಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೆಲೆಯನ್ನು ಕೇಳಿ ಬೆರಗಾಗುವವರು ಅದನ್ನು ನೇಯ್ದ ದಿನಗಳಿಂದ ಭಾಗಿಸಿ ನೋಡಿದರೆ ನೇಕಾರನ ಕೂಲಿ ಎಷ್ಟು ಅಲ್ಪವೆಂಬುದು ತಿಳಿದೀತು. ಇಳಕಲ್ಲ ಸೀರೆಯ ಮಗ್ಗದ ಸದ್ದನ್ನು ಬಲ್ಲ ಕನ್ನಡಿಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಥರ ಮನೆಯಲ್ಲಿ

ಪೈಠಣದ ಹೃದಯವೆಂದರೆ ಸಂತ ಏಕನಾಥರು. 1533ರಿಂದ 1599ರವರೆಗೆ ಬಾಳಿದ ಅವರು ಈ ಊರಿನ ಗೃಹಸ್ಥರು. ಸಂಸಾರವನ್ನು ಬಿಡದೆಯೇ ಸಂತರಾದವರು. 1290ರ ‘ಜ್ಞಾನೇಶ್ವರಿ’ಯಲ್ಲಿ ಕಾಲಕ್ರಮದಿಂದ ಸೇರಿಹೋಗಿದ್ದ ತಪ್ಪು ಪಾಠಗಳನ್ನು ತಿದ್ದಿ 1584ರಲ್ಲಿ ಶುದ್ಧಪ್ರತಿಯನ್ನು ಸಿದ್ಧಪಡಿಸಿದವರು ಅವರೇ. ಕಾಶಿಯಿಂದ ರಾಮೇಶ್ವರಕ್ಕೆಂದು ಹೊತ್ತೊಯ್ಯುತ್ತಿದ್ದ ಗಂಗಾಜಲವನ್ನು ಬಾಯಾರಿ ಬಿದ್ದಿದ್ದ ಕತ್ತೆಗೆ ಕುಡಿಸಿದರೆಂಬ ಕಥೆಯೂ, ಸುಡುವ ಮರಳಿನಲ್ಲಿ ಅಳುತ್ತಿದ್ದ ದಲಿತರ ಮಗುವನ್ನು ಎತ್ತಿಕೊಂಡು ಮನೆಗೆ ತಲುಪಿಸಿದರೆಂಬ ಕಥೆಯೂ ಇಲ್ಲಿ ಇಂದಿಗೂ ಪ್ರಚಾರದಲ್ಲಿವೆ. ಊರೊಳಗಿನ ಅವರ ವಾಡೆಯು ಮಂದಿರವಾಗಿದೆ. ನದಿಯ ದಡದಲ್ಲಿ ಅವರ ಸಮಾಧಿ ಇದೆ. ಫಾಲ್ಗುಣ ಕೃಷ್ಣ ಷಷ್ಠಿಯಂದು ಅವರು ಗೋದಾವರಿಯಲ್ಲಿ ಜಲಸಮಾಧಿ ಹೊಂದಿದರೆಂಬುದು ನಂಬಿಕೆ. ಆ ದಿನದ ನಾಥಷಷ್ಠಿಯ ಯಾತ್ರೆಗೆ ವಾರಕರಿಗಳ ದಿಂಡಿಗಳು ಬಂದು ಸೇರುತ್ತವೆ.

ವಾಡೆಯ ಜಗಲಿಯ ಮೇಲೆ ಕುಳಿತಾಗ ಮರಾಠಿ ಮಿತ್ರರು ಏಕನಾಥರ ಮುತ್ತಜ್ಜ ಭಾನುದಾಸರ ಕಥೆಯನ್ನು ತೆಗೆದರು. ಪಂಢರಪುರದ ವಿಠ್ಠಲನ ಮೂರ್ತಿಯನ್ನು ವಿಜಯನಗರದ ಕೃಷ್ಣದೇವರಾಯನು ತನ್ನ ರಾಜಧಾನಿಗೆ ಕೊಂಡೊಯ್ದನಂತೆ; ಪೈಠಣದ ಭಾನುದಾಸರು ಅಲ್ಲಿಗೆ ಹೋಗಿ, ರಾಜನ ಮನಸ್ಸನ್ನು ಗೆದ್ದು, ದೇವರನ್ನು ಮರಳಿ ಪಂಢರಪುರಕ್ಕೆ ತಂದರಂತೆ. ಚಿಕ್ಕಂದಿನಿಂದ ಕೀರ್ತನಗಳಲ್ಲಿ ಅವರು ಕೇಳಿದ್ದು ಇಷ್ಟು. ಹಂಪಿಯನ್ನು ಅವರು ಕಂಡವರಲ್ಲ.

ಧಾರವಾಡದವರು ಹಂಪಿಯನ್ನು ಹಲವು ಸಲ ಕಂಡವರು. ಕಲ್ಲಿನ ರಥ, ಸಂಗೀತದ ಕಂಬಗಳು, ಅವುಗಳ ಆಚೆಗೆ ವಿಗ್ರಹವಿಲ್ಲದ ಗರ್ಭಗುಡಿ. ಅಷ್ಟು ದೊಡ್ಡ ವಿಠ್ಠಲ ದೇವಾಲಯದಲ್ಲಿ ವಿಠ್ಠಲನೇ ಇಲ್ಲವಲ್ಲ ಎಂದು ಪ್ರತಿ ಸಲವೂ ಅವರಿಗೆ ಅನಿಸಿದ್ದುಂಟು. ಕಥೆಯ ಒಂದು ತುದಿ ಒಬ್ಬರಲ್ಲಿತ್ತು, ಇನ್ನೊಂದು ತುದಿ ಇನ್ನೊಬ್ಬರಲ್ಲಿ. ಒಂದೇ ಮಹಡಿಯಲ್ಲಿ ಮೂವತ್ತು ವರ್ಷ ಬಾಳಿದರೂ ಅವೆರಡೂ ಕೂಡಿದ್ದು ಪೈಠಣದ ಈ ಜಗಲಿಯ ಮೇಲೆ. ಇತಿಹಾಸಕಾರರು ಈ ಕಥೆಯನ್ನು ಎಷ್ಟು ಒಪ್ಪುವರೆಂಬುದು ಬೇರೆಯ ಪ್ರಶ್ನೆ. ವಿಠ್ಠಲನನ್ನು ಕನ್ನಡದವನೆಂದು ಕರೆದ ಅಭಂಗವು ಜ್ಞಾನೇಶ್ವರರ ಹೆಸರಿನಲ್ಲಿಯೇ ಇದೆ. ಪುರಂದರದಾಸರ ಅಂಕಿತವೂ ವಿಠ್ಠಲನದೇ. ದೇವರು ಯಾರವನೆಂಬ ವಾದವನ್ನು ಭಕ್ತರು ಎಂದೋ ಬಿಟ್ಟುಬಿಟ್ಟಿದ್ದಾರೆ.

‘ದೇವರು ಹೋದದ್ದೂ ನಿಜ, ಮರಳಿ ಬಂದದ್ದೂ ನಿಜ. ಆದರೆ ಅವನಿಗಾಗಿ ಕಟ್ಟಿದ ಗುಡಿ ಅಲ್ಲಿಯೇ ಉಳಿಯಿತು’ ಎಂದರು ಮರಾಠಿ ಮಿತ್ರರು. ಊರಿಗೆ ಮರಳುವ ಸಿದ್ಧತೆಯಲ್ಲಿದ್ದವರು ಅದಕ್ಕೆ ಉತ್ತರ ಕೊಡಲಿಲ್ಲ.

ಹೋಗುವವರಿಗೆ ನಾಲ್ಕು ಮಾತು

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಈ ಪ್ರವಾಸಕ್ಕೆ ಉತ್ತಮ. ಬೇಸಗೆಯಲ್ಲಿ ಮರಾಠವಾಡದ ಬಿಸಿಲು 40 ಡಿಗ್ರಿಯನ್ನು ಮೀರುವುದರಿಂದ ವಯಸ್ಸಾದವರು ಹೋಗದಿರುವುದೇ ಕ್ಷೇಮ. ರಕ್ತದೊತ್ತಡದ ಮಾತ್ರೆಗಳನ್ನು ಪೆಟ್ಟಿಗೆಯಲ್ಲಿ ಇಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಮಧುಮೇಹಿಗಳು ಒಂದು ವಿಷಯವನ್ನು ಮರೆಯಬಾರದು: ಅನೇಕರಿಗೆ ಪಾದದ ಸ್ಪರ್ಶಜ್ಞಾನ ಕುಗ್ಗಿರುತ್ತದೆ, ಘಟ್ಟದ ಅಥವಾ ದೇವಸ್ಥಾನದ ಅಂಗಳದ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದರೆ ಸುಟ್ಟದ್ದು ತಿಳಿಯದೆ ಬೊಬ್ಬೆ ಎದ್ದು ಹುಣ್ಣಾಗಬಹುದು. ದಪ್ಪನೆಯ ಕಾಲುಚೀಲವನ್ನು ಧರಿಸಿ, ಬೆಳಿಗ್ಗೆ ಅಥವಾ ಸಂಜೆ ದರ್ಶನ ಮಾಡಿ, ರಾತ್ರಿ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಕುದಿಸಿ ಆರಿಸಿದ ನೀರು ಜೊತೆಯಲ್ಲಿರಲಿ. ಮೂರನೆಯ ದಿನ ದೊರೆತರೆ ವೇರುಳಕ್ಕೆ ಹೋಗಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನು ಕಡೆಯಿಸಿದ ಕೈಲಾಸ ದೇವಾಲಯವನ್ನು ನೋಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಜೊತೆಗಾರನ ಆಯ್ಕೆ. ಹತ್ತಾರು ಜನರ ಗುಂಪಿನಲ್ಲಿ ಹೋದರೆ ಸ್ಥಳಗಳನ್ನು ಎಣಿಸಬಹುದು. ಒಬ್ಬನೇ ಹೋದರೆ ತನ್ನ ಪಾಲಿನ ಅರ್ಧ ಕಥೆಯೊಡನೆಯೇ ಮರಳಬೇಕಾಗುತ್ತದೆ. ಬೇರೆ ಭಾಷೆಯನ್ನಾಡುವ, ಆದರೆ ಮನೆಯ ಬೀಗದ ಕೈಯನ್ನು ನಂಬಿ ಕೊಡುವಷ್ಟು ಹತ್ತಿರದವನಾದ ಮಿತ್ರನೊಬ್ಬ ಮಹಾನಗರದಲ್ಲಿ ಬಹುತೇಕ ಎಲ್ಲರಿಗೂ ಇದ್ದಾನೆ. ನಿವೃತ್ತಿಯೋ, ಮಕ್ಕಳ ಊರೋ, ಅನಾರೋಗ್ಯವೋ ಅವನನ್ನು ಬೇರೆಡೆಗೆ ಕರೆದೊಯ್ಯುವ ಮೊದಲೇ ಅವನೊಡನೆ ಎರಡು ದಿನದ ರಜೆಯನ್ನು ಹಾಕಿ ಹೊರಡುವುದು ಒಳ್ಳೆಯದು.