ಚಿಹ್ನೆ ತಪ್ಪಿದ ಲೆಕ್ಕ

ಕನ್ನಡ ಪಂಡಿತನಿಗೆ ಬೀಜಗಣಿತದ ಗೊಡವೆ ಏಕೆಂದು ತಾವು ಕೇಳಬಹುದು. ನನ್ನ ಅಕ್ಕನ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಪುಸ್ತಕ ಮುಚ್ಚಿಟ್ಟು, "ಮಾವಾ, ನನಗೆ ಗಣಿತ ಹತ್ತುವುದಿಲ್ಲ, ಪರೀಕ್ಷೆಗೆ ಕೂರುವುದಿಲ್ಲ" ಎಂದಳು. ಮನೆಯವರು ಆಗಲೇ ಅವಳಿಗೆ ದಡ್ಡಿಯೆಂಬ ಬಿರುದು ಕೊಟ್ಟಾಗಿತ್ತು. ನಾನೂ ಅದಕ್ಕೆ ತಲೆಯಾಡಿಸಿದವನೇ. ಅವಳ ನೋಟುಪುಸ್ತಕ ಬಿಡಿಸಿ ನೋಡಿದರೆ, ಕೆಂಪು ಶಾಯಿ ಬಿದ್ದ ಲೆಕ್ಕಗಳಲ್ಲಿ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ತಪ್ಪಿದ್ದುದು ಅವುಗಳ ಎಡಗಡೆಯ ಪುಟ್ಟ ಗೆರೆಗಳು.

ಒಂದು ಲೆಕ್ಕ ಹೀಗಿತ್ತು: ಕ್ಷ² − ಕ್ಷ − 12. ಇದನ್ನು ಅಪವರ್ತಿಸಬೇಕು. ಗುಣಿಸಿದರೆ −12, ಕೂಡಿಸಿದರೆ −1 ಆಗುವ ಎರಡು ಸಂಖ್ಯೆಗಳು ಬೇಕು. ಹುಡುಗಿ 4, 3 ಎಂದು ಸರಿಯಾಗಿಯೇ ಹುಡುಕಿ, (ಕ್ಷ + 4)(ಕ್ಷ − 3) ಎಂದು ಬರೆದಿದ್ದಳು. ಗುಣಿಸಿ ನೋಡಿ: ಕೊನೆಯ ಪದ −12 ಸರಿ, ನಡುವಿನ ಪದ ಮಾತ್ರ +ಕ್ಷ ಆಗಿಬಿಟ್ಟಿದೆ. ಕೊನೆಯ ಪದ ಕೂಡಿಬಂದುದನ್ನು ಕಂಡೊಡನೆ ಅವಳು ನಿಶ್ಚಿಂತಳಾಗಿದ್ದಳು.

ಆದ್ದರಿಂದ ಮೊದಲು ಕೊನೆಯ ಪದದ ಚಿಹ್ನೆಯನ್ನು ಕೇಳಬೇಕು. ಅದು ಧನವಾದರೆ ಎರಡು ಸಂಖ್ಯೆಗಳಿಗೂ ಒಂದೇ ಚಿಹ್ನೆ. ಯಾವುದೆಂಬುದನ್ನು ಮಧ್ಯಪದ ಹೇಳುತ್ತದೆ. ಅದು ಋಣವಾದರೆ ಒಂದು ಧನ, ಇನ್ನೊಂದು ಋಣ. ಆಗ ಮಧ್ಯಪದದ ಚಿಹ್ನೆ ದೊಡ್ಡ ಸಂಖ್ಯೆಗೆ ಸಲ್ಲುತ್ತದೆ. ಇಲ್ಲಿ ದೊಡ್ಡದು 4. ಉತ್ತರ (ಕ್ಷ − 4)(ಕ್ಷ + 3).

ಧನ, ಋಣವೆಂಬ ಈ ಮಾತುಗಳು ನಮಗೆ ಹೊಸವಲ್ಲ. ಕ್ರಿ. ಶ. 628ರ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಬ್ರಹ್ಮಗುಪ್ತನು ಧನ, ಋಣ, ಶೂನ್ಯಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದ್ದಾನೆ. ಕೈಯಲ್ಲಿ ಮೂರು ರೂಪಾಯಿ, ಅಂಗಡಿಯಲ್ಲಿ ನಾಲ್ಕು ರೂಪಾಯಿ ಸಾಲ. ಕೊನೆಗೆ ಉಳಿಯುವುದು ಒಂದು ರೂಪಾಯಿ ಸಾಲವೇ. ಮಧ್ಯಪದದ −1 ಅದೇ. ಆದರೆ ಈ ಹೋಲಿಕೆ ಕೂಡುವುದಕ್ಕೆ ಮಾತ್ರ ಒಪ್ಪುತ್ತದೆ. ಸಾಲವನ್ನು ಸಾಲದಿಂದ ಗುಣಿಸುವ ಶೆಟ್ಟರು ಯಾವ ಪೇಟೆಯಲ್ಲೂ ಇಲ್ಲ.

ಇನ್ನೊಂದು ಹಳ್ಳ ಇದಕ್ಕಿಂತ ಆಳ. 2ಕ್ಷ² − 7ಕ್ಷ + 6 ಎಂಬುದನ್ನು ನೋಡಿ. ವರ್ಗಪದದ 2ನ್ನೂ ಕೊನೆಯ 6ನ್ನೂ ಗುಣಿಸಿದರೆ 12. ಗುಣಿಸಿದರೆ 12, ಕೂಡಿಸಿದರೆ −7 ಆಗುವವು −4, −3. ಆದ್ದರಿಂದ ಮಧ್ಯಪದವನ್ನು ಒಡೆದು 2ಕ್ಷ² − 4ಕ್ಷ − 3ಕ್ಷ + 6 ಎನ್ನುತ್ತೇವೆ. ಮೊದಲ ಜೋಡಿ 2ಕ್ಷ(ಕ್ಷ − 2). ಎರಡನೆಯದರಿಂದ −3 ತೆಗೆದಾಗ ಮಕ್ಕಳು −3(ಕ್ಷ + 2) ಎಂದು ಬರೆಯುತ್ತಾರೆ. 6ರ ಮುಂದೆ ಕೂಡುವ ಚಿಹ್ನೆ ಕಂಡದ್ದೇ ಕಾರಣ. ಆಗಬೇಕಾದುದು −3(ಕ್ಷ − 2). ಏಕೆ? ಕ್ಷ ಎಂಬುದಕ್ಕಿಂತ 2 ಕಡಮೆಯಾದುದನ್ನು ಮೂರು ಸಲ ಕಳೆಯಬೇಕಾಗಿದೆ. ಪೂರ್ತಿ ಕ್ಷವನ್ನೇ ಮೂರು ಸಲ ಕಳೆದರೆ 6 ಹೆಚ್ಚಾಗಿ ಹೋಯಿತು, ಅದನ್ನು ಹಿಂದಿರುಗಿಸಬೇಕು. ಆ +6 ಹುಟ್ಟಿದ್ದು ಹೀಗೆ. ಎರಡು ಆವರಣಗಳ ಒಳಗೂ ಒಂದೇ ರೂಪ ಬಾರದಿದ್ದರೆ ಚಿಹ್ನೆ ಜಾರಿದೆಯೆಂದೇ ತಿಳಿಯಬೇಕು. ಇಲ್ಲಿ ಉತ್ತರ (2ಕ್ಷ − 3)(ಕ್ಷ − 2).

ವ್ಯಾಕರಣದವನಾಗಿ ನಾನು ಅವಳಿಗೆ ಹೇಳಿದ್ದು ಇಷ್ಟೆ: ವಿಭಕ್ತಿ ಪ್ರತ್ಯಯ ಪದದ ಬೆನ್ನಿಗೆ ಅಂಟಿದಂತೆ, ಚಿಹ್ನೆ ತನ್ನ ಬಲಗಡೆಯ ಪದಕ್ಕೆ ಅಂಟಿದೆ. ಪದವನ್ನು ಎತ್ತಿ ಬೇರೆಡೆಗೆ ಇಟ್ಟರೆ ಚಿಹ್ನೆಯೂ ಜೊತೆಗೆ ಬರಬೇಕು.

ತಾಳೆ ನೋಡುವುದಕ್ಕೆ ಸುಲಭವಾದ ದಾರಿಯುಂಟು. ಕ್ಷ ಇದ್ದಲ್ಲಿ 1 ಇಡಿ. ಮೊದಲ ಲೆಕ್ಕದಲ್ಲಿ 1 − 1 − 12, ಅಂದರೆ −12. ಸರಿಯಾದ ಉತ್ತರದಲ್ಲಿ (−3) × 4, ಅದೂ −12. ಹುಡುಗಿಯ ಉತ್ತರದಲ್ಲಿ 5 × (−2), ಅಂದರೆ −10, ಕಳ್ಳ ಸಿಕ್ಕಿಬಿದ್ದ. ಬೆಲೆ ಸೊನ್ನೆ ಬಂದರೆ ಮಾತ್ರ ಅಷ್ಟಕ್ಕೇ ನಂಬದೆ 2ನ್ನೂ ಇಟ್ಟು ನೋಡಿ. ತಮ್ಮ ಮಕ್ಕಳ ಲೆಕ್ಕವನ್ನು, ಬೀಜಗಣಿತ ಮರೆತ ತಂದೆತಾಯಿಗಳೂ ಹೀಗೆ ಪರೀಕ್ಷಿಸಬಹುದು.

ಅಕ್ಕನ ಮಗಳು ಆ ವರ್ಷ ಪರೀಕ್ಷೆಗೆ ಕುಳಿತಳು. ಉತ್ತರ ಪತ್ರಿಕೆಯ ಅಂಚಿನಲ್ಲಿ ಅಪವರ್ತನದ ಪ್ರತಿ ಲೆಕ್ಕಕ್ಕೂ ಕ್ಷ = 1 ಎಂದು ಬರೆದು ತಾಳೆ ನೋಡಿದಳಂತೆ.