ಮುದಿ ಮೊಲಕ್ಕೆ ಮರಿ ಜೋಡಿ

ಮೊಲ ಸಾಕೋದು ಬಹಳ ಸುಲಭ ಅಂತ ಅನೇಕರು ತಿಳಿದಿದ್ದಾರೆ. ಬೊಗಳುವುದಿಲ್ಲ, ಒಂದು ಗಜ್ಜರಿ ಕೊಟ್ಟರೆ ಸಾಕು ಅನ್ನುವ ಲೆಕ್ಕ. ಆದರೆ ವಯಸ್ಸಾದ ಮೊಲ ಇರುವ ಮನೆಗೆ ಇನ್ನೊಂದು ಮರಿ ತಂದು ನೋಡಿ, ಆಗ ಅದರ ನಿಜವಾದ ಸ್ವಭಾವ ಗೊತ್ತಾಗುತ್ತದೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಶಹಾಪುರದ ಮನೆಯಿಂದಲೇ ಕೆಲಸ. ನಮ್ಮ ಮನೆಯ ಐದು ವರ್ಷದ ಹೆಣ್ಣು ಮೊಲ ಬೆಳ್ಳಿಯ ಜೋಡಿ ದೀಪಾವಳಿ ಆದಮೇಲೆ ತೀರಿಕೊಂಡಿತು. ಅವತ್ತಿನಿಂದ ಬೆಳ್ಳಿ ಮೂಲೆ ಹಿಡಿಯಿತು, ಮೇವು ಅರ್ಧಕ್ಕೆ ಬಿಡತೊಡಗಿತು. ಮೊಲದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಹನ್ನೆರಡು ತಾಸು ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಂತು ಜೀವಕ್ಕೇ ಅಪಾಯ. "ಅದಕ್ಕೂ ಸಂಕಟ ಆಗ್ಯಾದ, ಒಂದು ಜೋಡಿ ತಂದು ಬಿಡಪಾ" ಅಂದಳು ಅವ್ವ.

ಮೊಲಗಳು ಗುಂಪಿನ ಪ್ರಾಣಿಗಳೇ. ಆದರೆ ತಮ್ಮ ಜಾಗಕ್ಕೆ ಹೊಸಬರು ಬಂದರೆ ಸಹಿಸುವುದಿಲ್ಲ. ದೊಡ್ಡ ಹೆಣ್ಣು ಮೊಲ ಮರಿಯನ್ನು ಸೀಳಿ ಹಾಕಬಲ್ಲದು. ಹಾಗಾಗಿ ಡಿಸೆಂಬರ್‌ನಲ್ಲಿ ಹತ್ತು ವಾರದ ಗಂಡು ಮರಿ ಬಂದಾಗ ಇಬ್ಬರನ್ನೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಜಾಳಿಗೆಯಲ್ಲಿ ಇಟ್ಟೆವು. ಎರಡರ ನಡುವೆ ನಾಲ್ಕು ಬೆರಳು ಅಂತರ, ಇಲ್ಲದಿದ್ದರೆ ಮೂಗು, ಕಾಲ್ಬೆರಳು ಕಚ್ಚುತ್ತವೆ. ದಿನಾ ಅದರ ಹಾಸಿಗೆ ಹುಲ್ಲು ಇದಕ್ಕೆ, ಇದರದು ಅದಕ್ಕೆ. ಮುಖದ ಪರಿಚಯಕ್ಕಿಂತ ಮೊದಲು ವಾಸನೆಯ ಪರಿಚಯ ಆಗಬೇಕು.

ಮೇವೂ ಬೇರೆ ಬೇರೆ. ಆರು ತಿಂಗಳೊಳಗಿನ ಮರಿಗೆ ಕುದುರೆ ಮಸಾಲೆ ಸೊಪ್ಪು ಒಳ್ಳೆಯದು. ಅದರಲ್ಲಿ ಪ್ರೋಟೀನ್, ಸುಣ್ಣದ ಅಂಶ ಹೆಚ್ಚು. ಅದನ್ನೇ ಮುದಿ ಮೊಲ ದಿನಾ ತಿಂದರೆ ಮೂತ್ರಕೋಶದಲ್ಲಿ ಸುಣ್ಣ ಕಟ್ಟುವ ಭಯ. ಬೆಳ್ಳಿಗೆ ಒಣಹುಲ್ಲು, ಗರಿಕೆ, ಸ್ವಲ್ಪ ಕೊತ್ತಂಬರಿ. ಗಜ್ಜರಿ ಇಬ್ಬರಿಗೂ ಒಂದು ತುಂಡು ಮಾತ್ರ, ಸಕ್ಕರೆ ಜಾಸ್ತಿ.

ದೊಡ್ಡ ಪ್ರಶ್ನೆ ಆಪರೇಷನ್‌ದು. ಗಂಡು ಮರಿ ನಾಲ್ಕು ತಿಂಗಳಿಗೇ ಬಲಿಯುತ್ತದೆ. ಹೆಣ್ಣಿಗೆ ಗರ್ಭ ನಿಂತರೆ ಸುಮಾರು 31 ದಿನಕ್ಕೆ ಹೆರಿಗೆ. ಐದು ವರ್ಷದ ಬೆಳ್ಳಿಗೆ ಮೊದಲ ಬಸಿರು ಅಂದರೆ ಪ್ರಾಣದ ಮೇಲೆ ಬರುವ ಮಾತು. ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದೂ ಸಾಮಾನ್ಯ. ಆದರೆ ಆ ವಯಸ್ಸಿಗೆ, ಸರಿಯಾಗಿ ಮೇವು ತಿನ್ನದ ಜೀವಕ್ಕೆ, ಅರಿವಳಿಕೆ ಕೊಡಿಸಲು ಧೈರ್ಯ ಸಾಲಲಿಲ್ಲ. ವೈದ್ಯರ ಜೊತೆ ಮಾತಾಡಿ, ಮರಿಗೆ ಮಾತ್ರ ಮಾಡಿಸೋಣ, ಬೆಳ್ಳಿಯನ್ನು ಆಗಾಗ ತಪಾಸಣೆ ಮಾಡಿಸೋಣ ಎಂದು ನಿರ್ಧರಿಸಿದೆವು. ನಾಯಿ ಬೆಕ್ಕಿಗೆ ಮಾಡುವವರೆಲ್ಲ ಮೊಲಕ್ಕೆ ಮಾಡುವುದಿಲ್ಲ, ಅನುಭವ ಇದ್ದವರನ್ನೇ ಹುಡುಕಿ. ನಮ್ಮ ಭಾಗದವರಿಗೆ ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಯೂ ವಿಚಾರಿಸಬಹುದು. ಇನ್ನೊಂದು ಮಾತು: ಮೊಲಕ್ಕೆ ವಾಂತಿ ಆಗುವುದಿಲ್ಲ, ಆದ್ದರಿಂದ ಆಪರೇಷನ್‌ಗೆ ಮುಂಚೆ ಅದನ್ನು ಉಪವಾಸ ಕೆಡವಬಾರದು.

ಸಂಕ್ರಾಂತಿ ಕಳೆದ ಮೇಲೆ ಮರಿಗೆ ಆಪರೇಷನ್ ಆಯಿತು. ಆದರೂ ಆರು ವಾರ ಕಾಯಬೇಕು, ಅಲ್ಲಿಯವರೆಗೆ ಬೀಜ ಉಳಿದಿರುತ್ತದೆ. ಪ್ರೊಡಕ್ಷನ್‌ಗೆ ಬಿಡುವ ಮುಂಚೆ ಟೆಸ್ಟಿಂಗ್ ಇದ್ದಂತೆ!

ಆಮೇಲೆ ಭೇಟಿ. ಇಬ್ಬರೂ ಕಾಲಿಡದ ಬಚ್ಚಲುಮನೆಯಲ್ಲಿ, ಮೊದಲ ದಿನ ಹತ್ತು ನಿಮಿಷ. ಕೈಯಲ್ಲಿ ದಪ್ಪ ಟವೆಲ್. ಒಂದರ ಮೇಲೊಂದು ಹತ್ತುವುದು, ಸ್ವಲ್ಪ ಅಟ್ಟಾಡಿಸುವುದು ಸಹಜ. ಕಿವಿ ಹಿಂದೆ ಮಡಚಿ, ಬಾಲ ಎತ್ತಿ, ಸುರುಳಿ ಸುತ್ತುತ್ತಾ ಕಚ್ಚಾಡಿದರೆ ತಕ್ಷಣ ಬಿಡಿಸಬೇಕು. ದಿನಕ್ಕೆ ಐದೈದು ನಿಮಿಷ ಹೆಚ್ಚಿಸುತ್ತಾ ಹೋದೆವು. ಯುಗಾದಿ ಹೊತ್ತಿಗೆ ಬೆಳ್ಳಿ ತಲೆ ಬಗ್ಗಿಸಿ ಮುಂದೆ ಕೂತಳು, ಮರಿ ಅವಳ ಹಣೆ ನೆಕ್ಕಿತು. ಮೊಲದ ಭಾಷೆಯಲ್ಲಿ ಅದು ಒಪ್ಪಿಗೆ. ಅಂದಿನಿಂದ ಬೆಳ್ಳಿ ಮೇವು ಪೂರ್ತಿ ತಿನ್ನುತ್ತಾಳೆ.

ಇನ್ನು ಮನೆ. ಬ್ರಿಟನ್ನಿನ ಮೊಲಪ್ರಿಯರ ಸಂಸ್ಥೆಗಳು ಜೋಡಿಗೆ 10 ಅಡಿ ಉದ್ದ, 6 ಅಡಿ ಅಗಲದ ಜಾಗ ಬೇಕು ಅನ್ನುತ್ತವೆ. ಸಣ್ಣ ಪಂಜರ ಸಾಲದು, ತಂತಿಯ ನೆಲವಂತೂ ಬೇಡವೇ ಬೇಡ, ಪಾದ ಹುಣ್ಣಾಗುತ್ತದೆ. ಅಡಗಲು ಎರಡು ಡಬ್ಬ, ಪ್ರತಿಯೊಂದಕ್ಕೂ ಎರಡು ಬಾಗಿಲು ಇರಲಿ; ಒಂದು ಅಡ್ಡ ನಿಂತರೆ ಇನ್ನೊಂದು ಪಾರಾಗಬೇಕಲ್ಲ.

ಯಾದಗಿರಿ, ಶಹಾಪುರ, ಸುರಪುರದ ಬೇಸಿಗೆ ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ಮೊಲಕ್ಕೆ 30 ದಾಟಿದರೇ ಕಷ್ಟ. ಅದು ನಮ್ಮಂತೆ ಬೆವರುವುದಿಲ್ಲ, ಕಿವಿಯಿಂದಲೇ ಕಾವು ಹೊರಹಾಕಬೇಕು. ತಗಡಿನ ಚಪ್ಪರದ ಕೆಳಗೆ ಇಡಬೇಡಿ. ಶಹಾಬಾದ್ ಕಲ್ಲಿನ ನೆಲ ಇದ್ದರೆ ಅದೇ ದೊಡ್ಡ ಭಾಗ್ಯ. ಒದ್ದೆ ಬಟ್ಟೆಯಿಂದ ಒರೆಸಿ, ಐಸ್ ಕಟ್ಟಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಕಿವಿಗೆ ನೀರು ಸವರಿ. ಬಾಯಿ ತೆರೆದು ಉಸಿರಾಡಿದರೆ ಆಸ್ಪತ್ರೆಗೆ ಓಡಿ.

ಹೊಲದಲ್ಲಿ ಸಿಕ್ಕ ಮೊಲವನ್ನು ಜೋಡಿಗೆ ಅಂತ ತರಬೇಡಿ. ಅದು ಕಾಡುಮೊಲ, ಜಾತಿಯೇ ಬೇರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವುದೂ ಸಾಕುವುದೂ ಅಪರಾಧ. ಅಂಗಡಿಯಲ್ಲಿ ಕೊಳ್ಳುವಾಗಲೂ ಎಂಟು ವಾರ ತುಂಬಿದೆಯೇ, ಗಂಡೋ ಹೆಣ್ಣೋ ಎಂದು ವೈದ್ಯರಿಗೆ ತೋರಿಸಿಯೇ ಮನೆಗೆ ತನ್ನಿ. ಮಾರುವವರ ಮಾತು ನಂಬಿ ತಂದ "ಎರಡು ಹೆಣ್ಣು" ಮುಂದಿನ ತಿಂಗಳು ಎಂಟು ಆಗಿರುತ್ತವೆ!