ಎಷ್ಟು ಕಿಲೋ ಅಲ್ಲ, ಎಷ್ಟು ಗ್ರಾಂ?

ಕುವೈತಿನ ಮೈದಾನ್ ಹವಲ್ಲಿಯಲ್ಲಿ ಮನೆ ಮಾಡಿದವರಿಗೆ ಕಡಲು ದೂರವಲ್ಲ. ಉತ್ತರಕ್ಕೆ ಹೊರಟು ಅರೇಬಿಯನ್ ಗಲ್ಫ್ ಸ್ಟ್ರೀಟ್ ಮುಟ್ಟಿದರೆ ಎದುರಿಗೇ ಕುವೈತ್ ಕೊಲ್ಲಿ. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯಿಂದ ಹೋಗಿ ಈ ದೇಶದಲ್ಲಿ ದುಡಿಯುವವರಲ್ಲಿ ಊರಿನ ಅಳಿವೆಯಲ್ಲಿ ಗಾಳ ಹಾಕಿ ಬೆಳೆದವರೂ ಇದ್ದಾರೆ. ಶುಕ್ರವಾರದ ರಜೆ ಬಂದರೆ ಅವರ ಕೈ ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ಗಾಳದ ರಾಡ್ ಕೈಗೆತ್ತಿಕೊಂಡವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ‘ಇದು ಎಷ್ಟು ಕಿಲೋ ಮೀನು ತಡೆಯುತ್ತೆ?’

ಪ್ರಶ್ನೆ ಸಹಜವೇ. ಆದರೆ ಜಿಗ್ ಮತ್ತು ಸಾಫ್ಟ್ ಪ್ಲಾಸ್ಟಿಕ್ ಹಾಕಿ ಮೀನು ಹಿಡಿಯಲು ಹೊರಟವರಿಗೆ ಅದರ ಉತ್ತರದಿಂದ ಏನೂ ಪ್ರಯೋಜನವಿಲ್ಲ. ಅವರು ಕೇಳಬೇಕಾದದ್ದು ‘ಇದು ಎಷ್ಟು ಗ್ರಾಂ ಎಸೆಯುತ್ತೆ?’ ಎಂದು. ಯಾಕೆ ಎಂಬುದು ಶಾಲೆಯಲ್ಲಿ ಕಲಿತ ಸನ್ನೆಕೋಲಿನ ಪಾಠದಿಂದಲೇ ತಿಳಿಯುತ್ತದೆ.

ಬಾಸ್ ಇಲ್ಲದಲ್ಲಿ ಬಾಸ್ ರಾಡ್

ಜಿಗ್ ಎಂದರೆ ತಲೆಗೆ ಸೀಸದ ಅಥವಾ ಟಂಗ್‌ಸ್ಟನ್ನಿನ ಗುಂಡು ಹೊತ್ತ ಕೊಕ್ಕೆ. ಸಾಫ್ಟ್ ಪ್ಲಾಸ್ಟಿಕ್ ಎಂದರೆ ಪಿವಿಸಿಯನ್ನು ಮೆದುವಾಗಿಸಿ ಹುಳ, ಸೀಗಡಿ, ಮರಿಮೀನಿನ ಆಕಾರಕ್ಕೆ ಎರಕ ಹೊಯ್ದ ಹುಸಿ ಎರೆ. 1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬವರು ಇಂಥ ಪ್ಲಾಸ್ಟಿಕ್ ಎರೆಹುಳವನ್ನು ಮಾರುಕಟ್ಟೆಗೆ ತಂದರು. ಅದರ ಗುರಿ ಲಾರ್ಜ್‌ಮೌತ್ ಬಾಸ್, ಅಂದರೆ ಉತ್ತರ ಅಮೆರಿಕದ ಕೆರೆ-ಹೊಳೆಗಳ ಸಿಹಿನೀರಿನ ಮೀನು. ‘ಬಾಸ್ ರಾಡ್’ ಎಂದು ಮಾರುವ ಕೋಲುಗಳು ಈ ಮೀನಿಗಾಗಿಯೇ ರೂಪುಗೊಂಡವು.

ಕುವೈತಿನಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ, ಬಾಸ್ ಕೂಡ ಇಲ್ಲ. ಇಲ್ಲಿರುವುದು ಕಡಲಿನ ಹಮೂರ್, ಸುಬೈತಿ, ಶೇಮ್, ನುವೈಬಿ, ಮರಳಿನಲ್ಲಿ ಮೈ ಹುದುಗಿಸಿ ಕೂರುವ ಚಪ್ಪಟೆ ತಲೆಯ ವಹರ್. ಹಮೂರ್ ನಮ್ಮ ಕರಾವಳಿಯ ಮುರು ಮೀನಿನ ಬಳಗದ್ದು. ಆದರೂ ಬಾಸ್ ರಾಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಸ್ ಜೊಂಡಿನ ಮರೆಯಲ್ಲಿ ಹೊಂಚು ಹಾಕಿದರೆ ಹಮೂರ್ ಕಲ್ಲಿನ ಸಂದಿಯಲ್ಲಿ ಹೊಂಚು ಹಾಕುತ್ತದೆ. ಎರಡಕ್ಕೂ ಎರೆಯನ್ನು ತಳಕ್ಕೆ ಇಳಿಸಿ, ಮೆಲ್ಲಗೆ ಎತ್ತಿ, ಮತ್ತೆ ಬೀಳಬಿಡಬೇಕು. ರಾಡಿಗೆ ಗೊತ್ತಾಗುವುದು ಈ ಕೆಲಸ ಮಾತ್ರ. ಮೀನಿನ ಹೆಸರು ಅದಕ್ಕೆ ಬೇಕಿಲ್ಲ.

ನೀರಿನಲ್ಲಿ ಮೀನಿನ ತೂಕ

ಐದು ಕಿಲೋದ ಹಮೂರ್ ಕೊಕ್ಕೆಗೆ ಸಿಕ್ಕಿತು ಎನ್ನಿ. ರಾಡಿನ ಮೇಲೆ ಐದು ಕಿಲೋ ಭಾರ ಬಿತ್ತೇ? ಇಲ್ಲ. ಅದರ ಹೊಟ್ಟೆಯೊಳಗಿನ ಗಾಳಿಚೀಲ ಮೈಯ ಸಾಂದ್ರತೆಯನ್ನು ನೀರಿಗೆ ಸರಿಹೊಂದಿಸಿರುತ್ತದೆ. ನೀರಿನೊಳಗೆ ಅದರ ತೂಕ ಹೆಚ್ಚುಕಡಿಮೆ ಸೊನ್ನೆ. ರಾಡ್ ಎದುರಿಸುವುದು ಮೀನಿನ ಸ್ನಾಯುಬಲವನ್ನು, ಜೊತೆಗೆ ನೀರಿನ ಸೆಳೆತವನ್ನು.

ಅದಕ್ಕೂ ಒಂದು ಮಿತಿಯಿದೆ. ರೀಲಿನಲ್ಲಿ ಡ್ರ್ಯಾಗ್ ಎಂಬ ಬಿರಿ ಇರುತ್ತದೆ. ನಿಗದಿ ಮಾಡಿದ ಬಲ ಮೀರಿದರೆ ಅದು ದಾರ ಬಿಟ್ಟುಕೊಡುತ್ತದೆ. ದಾರದ ತಾಳಿಕೆಯ ನಾಲ್ಕನೇ ಒಂದು ಅಥವಾ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಡುವುದು ರೂಢಿ. ಒಂಬತ್ತು ಕಿಲೋ ತಾಳುವ ದಾರಕ್ಕೆ ಎರಡರಿಂದ ಮೂರು ಕಿಲೋ. ಅಂದರೆ ಮೀನು ಐದು ಕಿಲೋ ಇರಲಿ, ಹದಿನೈದು ಇರಲಿ, ದಾರದ ಎಳೆತ ಮೂರು ಕಿಲೋ ದಾಟುವುದಿಲ್ಲ. ದಾಟುವುದು ಒಮ್ಮೆ ಮಾತ್ರ: ಮೀನನ್ನು ರಾಡಿನಿಂದಲೇ ದಂಡೆಗೆ ಎತ್ತಿ ಹಾಕಲು ಹೋದಾಗ. ಗಾಳಿಗೆ ಬಂದ ಕೂಡಲೇ ಮೀನಿನ ಪೂರ್ತಿ ತೂಕ ರಾಡಿನ ತುದಿಯಲ್ಲಿ ಜೋತುಬೀಳುತ್ತದೆ, ರಾಡುಗಳು ಮುರಿಯುವುದು ಹೆಚ್ಚಾಗಿ ಆಗಲೇ. ಅದಕ್ಕೆ ಮದ್ದು ದಪ್ಪ ರಾಡ್ ಅಲ್ಲ, ಉದ್ದ ಹಿಡಿಯ ಕೈಬಲೆ.

ಇನ್ನೊಂದು ವಿಚಿತ್ರವಿದೆ. ಹಿಡಿಯಿಂದ ತುದಿಗೆ 1.7 ಮೀಟರ್ ಇರುವ ರಾಡ್ ಬಗ್ಗದೆ ನೆಟ್ಟಗೆ ನಿಂತರೆ, ತುದಿಯಲ್ಲಿ ಒಂದು ಕಿಲೋ ಎಳೆತಕ್ಕೆ ಮಣಿಕಟ್ಟಿನ ಮೇಲೆ ಸುಮಾರು 17 ನ್ಯೂಟನ್-ಮೀಟರ್ ತಿರುಚುಬಲ ಬೀಳುತ್ತದೆ. ಅದೇ ರಾಡ್ ಬಾಗಿ, ಎಳೆತದ ಗೆರೆ ಕೈಯಿಂದ ಒಂದು ಮೀಟರ್ ದೂರಕ್ಕೆ ಬಂದರೆ ಅದು ಹತ್ತಕ್ಕೆ ಇಳಿಯುತ್ತದೆ. ಗಡುಸು ರಾಡಿನಲ್ಲಿ ಸನ್ನೆಯ ಲಾಭ ಮೀನಿಗೆ, ಬಾಗುವ ರಾಡಿನಲ್ಲಿ ಅದು ನಿಮಗೆ. ‘ದೊಡ್ಡ ಮೀನಿಗೆ ದಪ್ಪ ಕೋಲು’ ಎಂಬ ಲೆಕ್ಕ ಕೈಗೆ ನೋವು ತರುವುದು ಹೀಗೆ.

ಎಷ್ಟು ಬಾಗುತ್ತದೆ, ಎಲ್ಲಿ ಬಾಗುತ್ತದೆ

ರಾಡಿನ ಮೇಲೆ ಬರೆದ ಎರಡು ಮಾತುಗಳನ್ನು ಬೇರೆಬೇರೆಯಾಗಿ ಓದಬೇಕು. ಪವರ್ ಎಂದರೆ ಅದು ಬಗ್ಗಲು ಎಷ್ಟು ಹಟ ಮಾಡುತ್ತದೆ ಎಂಬುದು: ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ. ಆ್ಯಕ್ಷನ್ ಎಂದರೆ ಎಲ್ಲಿ ಬಗ್ಗುತ್ತದೆ ಎಂಬುದು. ತುದಿಯ ಕಾಲುಭಾಗದಷ್ಟು ಬಗ್ಗಿ ಉಳಿದದ್ದು ಗಟ್ಟಿಯಾಗಿ ನಿಂತರೆ ಫಾಸ್ಟ್, ನಡುವಿನವರೆಗೂ ಬಾಗಿದರೆ ಮಾಡರೇಟ್.

ಭೌತಶಾಸ್ತ್ರಕ್ಕೆ ರಾಡ್ ಎಂದರೆ ಒಂದು ತುದಿ ಬಿಗಿದ ತೊಲೆ. ಉಳಿದೆಲ್ಲ ಒಂದೇ ಇದ್ದರೆ, ಭಾರಕ್ಕೆ ತೊಲೆ ತಗ್ಗುವ ಪ್ರಮಾಣ ಉದ್ದದ ಘನಕ್ಕೆ ಅನುಗುಣ: ಉದ್ದ ಎರಡು ಪಟ್ಟಾದರೆ ತಗ್ಗುವಿಕೆ ಎಂಟು ಪಟ್ಟು. ತೆಳು ಗೋಡೆಯ ಕೊಳವೆಯಾದರೆ ಅದರ ಗಡಸುತನ ತ್ರಿಜ್ಯದ ಘನಕ್ಕೆ ಅನುಗುಣ. ಬುಡ ದಪ್ಪ, ತುದಿ ಸಣ್ಣ ಮಾಡುವ ಇಳಿಜಾರನ್ನು ಕೂದಲೆಳೆಯಷ್ಟು ಬದಲಿಸಿದರೂ ಆ್ಯಕ್ಷನ್ ಬದಲಾಗುವುದು ಇದರಿಂದಲೇ.

ಮಿಕ್ಕದ್ದು ವಸ್ತುವಿನ ಗುಣ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದಲ್ಲಿ ಗಾಳ ಹಾಕುವ ಬಗ್ಗೆ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಅದು ಬಿದಿರು ಮತ್ತು ಮರದ ಕೋಲುಗಳ ಕಾಲ. ಎರಡನೇ ಮಹಾಯುದ್ಧದ ನಂತರ ಗಾಜಿನ ನಾರು ಬಂತು, 1970ರ ದಶಕದಲ್ಲಿ ಕಾರ್ಬನ್ ನಾರು. ಗಾಜಿನ ನಾರಿನ ಸ್ಥಿತಿಸ್ಥಾಪಕ ಗುಣಾಂಕ 70 ಗಿಗಾಪ್ಯಾಸ್ಕಲ್‌ಗಿಂತ ತುಸು ಹೆಚ್ಚು, ಸಾಮಾನ್ಯ ಕಾರ್ಬನ್ನಿನದು ಸುಮಾರು 230. ಕಾರ್ಬನ್ನಿನ ಸಾಂದ್ರತೆ ಗಾಜಿನದಕ್ಕಿಂತ ಕಡಿಮೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ಕಾರ್ಬನ್ ನಾಲ್ಕೂವರೆ ಪಟ್ಟು ಗಡುಸು. ಪುತ್ತೂರು-ಸುಳ್ಯದ ಅಡಿಕೆ ತೋಟಗಳಲ್ಲಿ ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನು ಎತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ: ಅಷ್ಟು ಎತ್ತರಕ್ಕೆ ಹೋದರೂ ತೂಗಾಡದೆ, ತೋಳು ಸೋಲದೆ ಕೊನೆ ಕೀಳಲು ಆಗುವುದು ಈ ಅನುಪಾತದಿಂದಲೇ.

ರಾಡಿನಲ್ಲಿ ಇದರ ಫಲ ಬೆರಳಿಗೆ ಸಿಗುತ್ತದೆ. ಹಗುರ ಮತ್ತು ಗಡುಸಾದ ತುದಿ ಸಣ್ಣ ತಟ್ಟನ್ನೂ ನುಂಗದೆ ಹಿಡಿಗೆ ದಾಟಿಸುತ್ತದೆ. ಜಿಗ್ ಬಂಡೆಗೆ ತಾಗಿದ್ದೋ, ಮರಳಿಗೆ ಇಳಿದದ್ದೋ, ಮೀನು ಬಾಯಿ ಹಾಕಿದ್ದೋ ಎಂಬುದನ್ನು ಬೇರೆ ಮಾಡಿ ಹೇಳುವುದು ಈ ತಟ್ಟುಗಳೇ. ಎಷ್ಟೋ ಸಲ ಹಮೂರ್ ಎಳೆಯುವುದೇ ಇಲ್ಲ; ಬೀಳುತ್ತಿದ್ದ ಜಿಗ್ ತಳ ಮುಟ್ಟುವ ಮೊದಲೇ ದಾರ ಸಡಿಲವಾಗುತ್ತದೆ, ಅಷ್ಟೆ. ಅದನ್ನು ಗುರುತಿಸಿದ ಕೈ ಗೆದ್ದಿತು.

ಕೊಕ್ಕೆ ನೋಡಿ ಕೋಲು

ರಾಡಿನ ಬುಡದ ಬಳಿ ಎಸೆಯಬಹುದಾದ ಎರೆಯ ತೂಕ ಬರೆದಿರುತ್ತದೆ: 7–21 ಗ್ರಾಂ, 10–28 ಗ್ರಾಂ, ಇಲ್ಲವೇ ಔನ್ಸ್ ಲೆಕ್ಕ. ಅರ್ಧ ಔನ್ಸ್ ಎಂದರೆ 14 ಗ್ರಾಂ. ತೀರ ಹಗುರವಾದ ಎರೆ ರಾಡನ್ನು ಬಗ್ಗಿಸದೆ ಹತ್ತಿರದಲ್ಲೇ ಬೀಳುತ್ತದೆ. ಮಿತಿ ಮೀರಿದ ಭಾರಕ್ಕೆ ರಾಡ್ ತಡವಾಗಿ ಸೆಟೆದು ಎಸೆತ ದಿಕ್ಕು ತಪ್ಪುತ್ತದೆ, ಕೆಲವೊಮ್ಮೆ ಕೋಲೇ ಮುರಿಯುತ್ತದೆ. ನೀವು ಹೆಚ್ಚು ಬಳಸುವ ಜಿಗ್, ಅದಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಸೇರಿ, ಈ ವ್ಯಾಪ್ತಿಯ ನಡುವೆ ಬೀಳಬೇಕು.

ಆಮೇಲೆ ಕೊಕ್ಕೆ ನೋಡಿ. ಬಾಸ್ ಜಿಗ್‌ನಲ್ಲಿ ಒಂಟಿ ದಪ್ಪ ಕೊಕ್ಕೆ. ಅದು ಮೀನಿನ ದವಡೆಗೆ ಇಳಿಯಲು ಒಮ್ಮೆಲೇ ಜೋರಾದ ಬಲ ಬೇಕು. ಸಿಕ್ಕ ಮೀನು ಕಲ್ಲಿನ ಸಂದಿಗೆ ನುಗ್ಗದಂತೆ ಮೊದಲ ಕ್ಷಣವೇ ತಿರುಗಿಸಬೇಕು. ಇದಕ್ಕೆ ಮೀಡಿಯಂ ಹೆವಿ, ಫಾಸ್ಟ್. ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ಕಿನೊಳಗೇ ಅಡಗಿಸುವ ಟೆಕ್ಸಾಸ್ ರಿಗ್‌ಗೂ ಇದೇ: ಮೊನೆ ಮೊದಲು ಪ್ಲಾಸ್ಟಿಕ್ ಸೀಳಿ, ಆಮೇಲೆ ದವಡೆ ಹೊಗಬೇಕು.

ಮೊನೆ ಹೊರಗೇ ಇರುವ ಸಣ್ಣ ಜಿಗ್‌ಹೆಡ್ಡಿಗೆ, ಐದು-ಹತ್ತು ಗ್ರಾಮಿನ ಬಾಲ ಆಡಿಸುವ ಮರಿಮೀನಿಗೆ ಅಷ್ಟು ಬಿಗಿ ಬೇಡ. ಸಪೂರ ತಂತಿಯ ಕೊಕ್ಕೆ ಸಣ್ಣ ಎಳೆತಕ್ಕೇ ಇಳಿಯುತ್ತದೆ. ಗಡುಸು ರಾಡಿನಿಂದ ಜಗ್ಗಿದರೆ ಬಾಯಿ ಹರಿದು ಮೀನು ಕೈತಪ್ಪುತ್ತದೆ. ಇಲ್ಲಿ ಮೀಡಿಯಂ ಅಥವಾ ಮೀಡಿಯಂ ಲೈಟ್ ಹಿತ. ಒಂದು ಎಚ್ಚರಿಕೆ: ಸುಬೈತಿ, ಶೇಮ್‌ಗಳ ಬಾಯಲ್ಲಿ ಚಿಪ್ಪು ಪುಡಿ ಮಾಡುವ ದವಡೆಹಲ್ಲುಗಳಿವೆ. ತೀರ ತೆಳು ಕೊಕ್ಕೆಯನ್ನು ಅವು ಜಜ್ಜಿಬಿಡುತ್ತವೆ.

ಉದ್ದದ ಮಾತು. ಅಮೆರಿಕದ ಬಾಸ್ ಜಿಗ್ ರಾಡ್ ಹೆಚ್ಚಾಗಿ ಏಳು ಅಡಿ, ಏಳೂವರೆ ಅಡಿ. ದೋಣಿಯಲ್ಲಿ ನಿಂತು ಗುರಿಯಿಟ್ಟು ಎಸೆಯಲು ಅಷ್ಟು ಸಾಕು. ಕುವೈತ್ ಕೊಲ್ಲಿ ಆಳವಿಲ್ಲದ್ದು, ಸರಾಸರಿ ಐದು ಮೀಟರಿನ ಆಸುಪಾಸು. ದಂಡೆಯಿಂದ ಹಾಕುವವರು ಎರೆಯನ್ನು ದೂರ ಕಳಿಸಬೇಕು, ದಾರವನ್ನು ದಡದ ಬಂಡೆಗಳಿಂದ ಮೇಲೆತ್ತಿ ಹಿಡಿಯಬೇಕು. ಅವರಿಗೆ ಏಳೂವರೆಯಿಂದ ಎಂಟು ಅಡಿ ಅನುಕೂಲ. ಅದಕ್ಕೂ ಉದ್ದವಾದರೆ ತುದಿಯ ವೇಗ ಹೆಚ್ಚಬಹುದು, ಆದರೆ ದಿನವಿಡೀ ಜಿಗ್ ಕುಣಿಸುವ ಮಣಿಕಟ್ಟು ದಣಿಯುತ್ತದೆ.

ದಾರವೂ ರಾಡಿನ ಭಾಗ

ತಂಗೂಸಿ, ಅಂದರೆ ನೈಲಾನ್ ದಾರ, ಹಿಗ್ಗುತ್ತದೆ. ಎಳೆತಕ್ಕೆ ನೂರಕ್ಕೆ ಐದರಷ್ಟು ಹಿಗ್ಗಿದರೂ 30 ಮೀಟರ್ ದಾರ ಒಂದೂವರೆ ಮೀಟರ್ ಉದ್ದವಾಗುತ್ತದೆ. ರಾಡಿನ ತುದಿಯನ್ನು ಎರಡು ಮೀಟರ್ ಹಿಂದಕ್ಕೆ ಎಳೆದರೆ ಕೊಕ್ಕೆಗೆ ಮುಟ್ಟುವುದು ಉಳಿದ ಅರ್ಧ ಮೀಟರ್. ಪಾಲಿಎಥಿಲೀನ್ ಎಳೆಗಳಿಂದ ಹೆಣೆದ ಬ್ರೇಡ್ ಮುರಿಯುವ ಮಟ್ಟದಲ್ಲೂ ಕೆಲವೇ ಶೇಕಡಾ ಹಿಗ್ಗುತ್ತದೆ. ಹಾಗಾಗಿ ತಂಗೂಸಿಯ ಜೊತೆ ಸರಿಯಾಗಿದ್ದ ಗಡುಸು ರಾಡ್ ಬ್ರೇಡ್ ಹಾಕಿದ ಮೇಲೆ ಅತಿಯಾಗಬಹುದು. ಪವರ್ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ. ಬ್ರೇಡ್ ನೀರಿಗಿಂತ ಹಗುರ, ಬಂಡೆಗೆ ಉಜ್ಜಿದರೆ ಬೇಗ ಕತ್ತರಿಸುತ್ತದೆ. ಅದಕ್ಕೆ ಕೊನೆಯಲ್ಲಿ ಒಂದೆರಡು ಮೀಟರ್ ಫ್ಲೋರೋಕಾರ್ಬನ್ ಕಟ್ಟುತ್ತಾರೆ. ಅದು ನೀರಿನಲ್ಲಿ ಮುಳುಗುತ್ತದೆ. ಅದರ ವಕ್ರೀಭವನಾಂಕ ಸುಮಾರು 1.42, ನೈಲಾನಿನದಕ್ಕಿಂತ ನೀರಿನ 1.33ಕ್ಕೆ ಹತ್ತಿರವಿರುವುದರಿಂದ ಕಣ್ಣಿಗೆ ಬೀಳುವುದೂ ಕಡಿಮೆ.

ನಾಣ್ಯ ತೂಗಿ ನೋಡಿ

ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಹೆವಿ ಆಗಿರಬಹುದು, ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಈ ಗೊಂದಲಕ್ಕೆ ಅಮೆರಿಕದ ವಿಲಿಯಂ ಹಾನೆಮನ್ ಸರಳ ಉಪಾಯ ರೂಪಿಸಿದರು. ರಾಡಿನ ಹಿಡಿಯನ್ನು ಮೇಜಿಗೆ ಅಡ್ಡಲಾಗಿ ಬಿಗಿದು, ತುದಿಗೆ ಪುಟ್ಟ ಚೀಲ ಕಟ್ಟಿ, ಅದರಲ್ಲಿ ಒಂದೊಂದೇ ನಾಣ್ಯ ಹಾಕುತ್ತ ಹೋಗಬೇಕು. ತುದಿ ರಾಡಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗಿಳಿದಾಗ ಎಷ್ಟು ನಾಣ್ಯ ಹಿಡಿಯಿತು ಎಂಬುದೇ ಅದರ ಪವರ್. ಆ ಹೊತ್ತಿಗೆ ತುದಿ ಯಾವ ಕೋನದಲ್ಲಿ ನಿಂತಿದೆ ಎಂಬುದು ಆ್ಯಕ್ಷನ್: ಕಡಿದಾಗಿ ಕೆಳಗೆ ನೋಡಿದಷ್ಟೂ ಫಾಸ್ಟ್. ಮನೆಯಲ್ಲಿ ನಾಣ್ಯದ ಬದಲು ಚೀಲದಲ್ಲಿ ನೀರು ತುಂಬಿಸಬಹುದು, ಒಂದು ಮಿಲಿಲೀಟರಿಗೆ ಒಂದು ಗ್ರಾಂ. ಈಗಾಗಲೇ ಕೈಗೆ ಒಗ್ಗಿದ ರಾಡನ್ನು ಹೀಗೆ ಅಳೆದಿಟ್ಟುಕೊಂಡರೆ ಹೊಸದನ್ನು ಅದಕ್ಕೆ ಹೋಲಿಸಬಹುದು.

ಬಿಸಿಲು ಮತ್ತು ಉಪ್ಪು

2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು; ವಿಶ್ವ ಹವಾಮಾನ ಸಂಸ್ಥೆ ಅದನ್ನು ಒಪ್ಪಿದೆ. ಅದು ನೆರಳಿನ ಲೆಕ್ಕ. ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಂತ ಕಾರಿನೊಳಗೆ ಇನ್ನೂ ಹೆಚ್ಚು. ದಾರ ಹಾಯುವ ಉಂಗುರಗಳನ್ನು ರಾಡಿಗೆ ನೂಲಿನಿಂದ ಸುತ್ತಿ ಎಪಾಕ್ಸಿ ಬಳಿದಿರುತ್ತಾರೆ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾದ ಇಂಥ ಎಪಾಕ್ಸಿ 50–60 ಡಿಗ್ರಿಯ ಸುತ್ತಮುತ್ತ ಮೆತ್ತಗಾಗತೊಡಗುತ್ತದೆ. ಆಗ ರಾಡ್ ಸೀಟಿನ ನಡುವೆ ಒತ್ತಿಕೊಂಡಿದ್ದರೆ ಉಂಗುರ ಓರೆಯಾಗಿ ಹಾಗೇ ನಿಲ್ಲುತ್ತದೆ. ಬೇಸಿಗೆಯಲ್ಲಿ ರಾಡಿನ ಜಾಗ ಮನೆಯೊಳಗೆ.

ಇಲ್ಲಿನ ಕಡಲಿನ ಲವಣಾಂಶ ಲೀಟರಿಗೆ 40 ಗ್ರಾಮಿನ ಆಸುಪಾಸು, ಸಾಗರಗಳ ಸರಾಸರಿ 35. ಕ್ಲೋರೈಡ್ ಸ್ಟೀಲಿನ ಕಾಪುಪದರವನ್ನು ಕೊರೆದು ಚುಕ್ಕಿಚುಕ್ಕಿಯಾಗಿ ತುಕ್ಕು ಹಿಡಿಸುತ್ತದೆ. ಕಾರ್ಬನ್ನಿಗೆ ತಾಗಿಕೊಂಡ ಅಲ್ಯೂಮಿನಿಯಂ ಭಾಗ ಉಪ್ಪುನೀರಿನಲ್ಲಿ ಇನ್ನೂ ಬೇಗ ಸವೆಯುತ್ತದೆ, ಎರಡರ ನಡುವೆ ಪುಟ್ಟ ವಿದ್ಯುತ್ಕೋಶವೇ ಏರ್ಪಡುವುದರಿಂದ. ಸಿಲಿಕಾನ್ ಕಾರ್ಬೈಡ್ ಬಳೆ, ಟೈಟಾನಿಯಂ ಅಥವಾ ಒಳ್ಳೆಯ ಸ್ಟೀಲಿನ ಚೌಕಟ್ಟು ಇರುವ ಉಂಗುರಗಳಿಗೆ ತುಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು ಒರೆಸಬೇಕು. ಕಾರ್ಬನ್ ವಿದ್ಯುತ್ ವಾಹಕವೂ ಹೌದು: ತಂತಿಗಳ ಕೆಳಗೆ, ಗುಡುಗು-ಮಿಂಚಿನ ಹೊತ್ತಿನಲ್ಲಿ ಅದನ್ನು ಎತ್ತಲೇಬಾರದು. ಕುವೈತ್ ಕೊಲ್ಲಿಯಲ್ಲಿ ಮೀನು ಹಿಡಿಯಲು ಸರ್ಕಾರದ ನಿರ್ಬಂಧಗಳಿವೆ. ಜಾಗ, ಕಾಲದ ಸದ್ಯದ ನಿಯಮ ತಿಳಿದುಕೊಂಡೇ ಹೊರಡಿ.

ಒಂದೇ ರಾಡ್ ಕೊಳ್ಳುವುದಾದರೆ? ಏಳೂವರೆ ಅಡಿಯ, ಮೀಡಿಯಂ ಪವರ್, ಫಾಸ್ಟ್ ಆ್ಯಕ್ಷನ್, 7–21 ಗ್ರಾಂ ಬರೆದ ಸ್ಪಿನ್ನಿಂಗ್ ರಾಡ್. 3000 ಅಳತೆಯ ರೀಲ್, 15ರಿಂದ 20 ಪೌಂಡಿನ ಬ್ರೇಡ್. ಸಾಫ್ಟ್ ಪ್ಲಾಸ್ಟಿಕ್ಕಿಗೆ ಇದು ಹೇಳಿಮಾಡಿಸಿದ್ದು, 14 ಗ್ರಾಮಿನ ಜಿಗ್‌ಗೂ ಸಾಕು. ಕಲ್ಲುಗಳ ನಡುವೆ ಹಮೂರ್ ಹಿಂದೆ ಬಿದ್ದವರು ಮಾತ್ರ ಎರಡನೆಯದಾಗಿ ಮೀಡಿಯಂ ಹೆವಿ ತೆಗೆದುಕೊಳ್ಳಲಿ. ಇದೇ ಜೋಡಿಯನ್ನು ರಜೆಗೆ ಊರಿಗೆ ತಂದು ಕಾರವಾರದ ಕಾಳಿ ಅಳಿವೆಯಲ್ಲಿ ಚೊಣಕ್ ಮೀನಿಗೆ ಹಾಕಬಹುದು. ಚೊಣಕ್ಕಿಗೆ ಇಂಗ್ಲಿಷಿನಲ್ಲಿ ಸೀಬಾಸ್ ಎನ್ನುತ್ತಾರಾದರೂ ಅದಕ್ಕೂ ಅಮೆರಿಕದ ಬಾಸ್‌ಗೂ ಹತ್ತಿರದ ನಂಟಿಲ್ಲ. ಆದರೆ ಜಿಗ್ ಅದೇ 14 ಗ್ರಾಮಿನದು, ಆದ್ದರಿಂದ ರಾಡ್ ಕೂಡ ಅದೇ. ಕಾಂಡ್ಲಾ ಬೇರುಗಳ ನಡುವೆ ದಪ್ಪ ಕೊಕ್ಕೆ ಹಾಕಬೇಕಾಗಿ ಬಂದಾಗ ಎರಡನೆಯ ರಾಡ್ ಹೊರತೆಗೆದರಾಯಿತು.